ನನ್ನ ರೊಟ್ಟಿ ಉಂಡವನ ಹಿಮ್ಮಡಿ

ಆತ್ಮೀಯರೇ,

ಒಂದು ಸಾಲಿನಿಂದ ಆರಂಭಿಸುತ್ತೇನೆ. ಕನ್ನಡ ಬೈಬಲಿನಲ್ಲಿ ಅದು 41ನೆಯ ಕೀರ್ತನೆಯ 9ನೆಯ ವಚನ. ಹೀಬ್ರೂ ಪ್ರತಿಗಳಲ್ಲಿ ಕೀರ್ತನೆಯ ತಲೆಬರಹವನ್ನೂ ವಚನವೆಂದೇ ಎಣಿಸುವುದರಿಂದ ಅಲ್ಲಿ ಅದು 10ನೆಯದು. ಮೂಲದ ಪದಗಳನ್ನು ಒಂದೊಂದಾಗಿ ಕನ್ನಡಕ್ಕೆ ಇಳಿಸಿದರೆ ಹೀಗೆ ಕೇಳಿಸುತ್ತದೆ: "ನನ್ನ ಕ್ಷೇಮದ ಮನುಷ್ಯನೂ, ನಾನು ನೆಚ್ಚಿಕೊಂಡಿದ್ದವನೂ, ನನ್ನ ರೊಟ್ಟಿ ಉಣ್ಣುವವನೂ ನನ್ನ ಮೇಲೆ ಹಿಮ್ಮಡಿಯನ್ನು ಹಿರಿದು ಮಾಡಿದ." ಈ ಹೊತ್ತು ನಾನು ಕೊಡುವ ಅನುವಾದಗಳೆಲ್ಲ ನನ್ನವೇ. ಅಚ್ಚಾದ ಬೈಬಲುಗಳ ನಯ ಅವಕ್ಕಿಲ್ಲ. ಮೂಲದ ಒರಟು ನಿಮ್ಮ ಕಿವಿಗೆ ತಾಕಲಿ ಎಂದೇ ಹಾಗೆ ಬಿಟ್ಟಿದ್ದೇನೆ.

'ಕ್ಷೇಮದ ಮನುಷ್ಯ' ಎನ್ನುವುದಕ್ಕೆ ಹೀಬ್ರೂವಿನಲ್ಲಿ 'ಈಶ್ ಶೆಲೋಮೀ' ಎಂದಿದೆ. 'ಶಾಲೋಮ್' ಎಂಬ ಮಾತಿಗೆ ನಾವು ಶಾಂತಿ ಎಂದು ಬರೆದು ಮುಂದೆ ಹೋಗುತ್ತೇವೆ. ಅದರ ಒಳಗೆ ಒಡೆಯದೆ ಇಡಿಯಾಗಿರುವುದು, ಮೈಮನೆ ಸುಖವಾಗಿರುವುದು ಎಲ್ಲವೂ ಸೇರಿದೆ. ಅಂದರೆ ಇವನು ನನ್ನ ಕುಶಲ ವಿಚಾರಿಸುವವನು, ನಾನು ಚೆನ್ನಾಗಿರಲಿ ಎಂದು ಬಯಸುವವನು. ಈ ಕೀರ್ತನೆಯನ್ನು ನುಡಿಯುತ್ತಿರುವವನು ಹಾಸಿಗೆ ಹಿಡಿದಿದ್ದಾನೆ. ನೋಡಲು ಬಂದವರು ಪಕ್ಕದಲ್ಲಿ ಪೊಳ್ಳು ಮಾತಾಡಿ, ಹೊರಗೆ ಹೋಗಿ "ಇವನು ಮಲಗಿದಲ್ಲಿಂದ ಇನ್ನು ಏಳುವುದಿಲ್ಲ" ಎಂದು ಸುದ್ದಿ ಹಬ್ಬಿಸುತ್ತಾರೆ. ಅಂಥ ಮನೆಯಲ್ಲಿ, ಅಂಥ ದಿನ, ಈ ಕುಶಲ ಕೇಳುವವನೂ ತಿರುಗಿಬಿದ್ದ.

ರೊಟ್ಟಿಯ ಮಾತನ್ನು ಕನ್ನಡದ ಕಿವಿಗೆ ವಿವರಿಸಬೇಕಾಗಿಲ್ಲ. ಉಂಡ ಮನೆಯ ಜಂತೆ ಎಣಿಸುವವನನ್ನು ನಾವು ಬಲ್ಲೆವು. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎಂದು ಕೇಳುತ್ತಲೇ ಬೆಳೆದಿದ್ದೇವೆ. ನನಗೆ ಬಹಳ ಸಂತೋಷ ಕೊಟ್ಟ ಸಂಗತಿಯೆಂದರೆ, ಆ ಉಪ್ಪು ಹೀಬ್ರೂ ಗ್ರಂಥದಲ್ಲೂ ಇದೆ. ಮುರಿಯಬಾರದ ಒಪ್ಪಂದಕ್ಕೆ ಅಲ್ಲಿ 'ಉಪ್ಪಿನ ಒಡಂಬಡಿಕೆ' ಎಂಬ ಹೆಸರಿದೆ. ಎಜ್ರನ ಗ್ರಂಥದ 4ನೆಯ ಅಧ್ಯಾಯದಲ್ಲಿ ಪರ್ಷಿಯದ ದೊರೆ ಅರ್ತಷಸ್ತನಿಗೆ ಅವನ ಅಧಿಕಾರಿಗಳು ಅರಾಮಿಕ್ ಭಾಷೆಯಲ್ಲಿ ಒಂದು ಕಾಗದ ಬರೆಯುತ್ತಾರೆ: ನಾವು ಅರಮನೆಯ ಉಪ್ಪು ತಿನ್ನುವವರು, ದೊರೆಗೆ ಅವಮಾನವಾಗುವುದನ್ನು ನೋಡಿಕೊಂಡಿರುವುದು ನಮಗೆ ತಕ್ಕದ್ದಲ್ಲ. ಯೆರೂಸಲೇಮನ್ನು ಮತ್ತೆ ಕಟ್ಟುತ್ತಿರುವವರ ಮೇಲೆ ದೂರು ಹೇಳುವುದು ಆ ಕಾಗದದ ಉದ್ದೇಶ. ಉಪ್ಪಿನ ಋಣದ ಮಾತು ಯಾರ ಕೈಯಲ್ಲಿದೆ ಎಂಬುದರ ಮೇಲೆ ಅದರ ಅರ್ಥ ಎಷ್ಟು ಬದಲಾಗುತ್ತದೆ, ನೋಡಿ.

ಇನ್ನು ಹಿಮ್ಮಡಿ. ಹೀಬ್ರೂವಿನಲ್ಲಿ 'ಅಕೇವ್'. ಕುದುರೆ ಹಿಂಗಾಲಿನಲ್ಲಿ ಒದ್ದ ಹಾಗೆ ಒದ್ದ ಎಂದು ಕೆಲವರು ಅರ್ಥ ಹೇಳುತ್ತಾರೆ. ಯೆಹೋಶುವನ ಗ್ರಂಥದಲ್ಲಿ ಆಯಿ ಎಂಬ ಊರನ್ನು ಹಿಡಿಯುವಾಗ ಊರಿನ ಹಿಂದೆ ಹೊಂಚಿ ಕುಳಿತ ದಂಡಿಗೂ ಇದೇ ಪದ ಬಂದಿರುವುದರಿಂದ, ಇಲ್ಲಿ ಹೊಂಚು ಎಂದೇ ಅರ್ಥ ಎನ್ನುವವರೂ ಇದ್ದಾರೆ. ನಾನು ಎರಡನ್ನೂ ಉಳಿಸಿಕೊಳ್ಳುತ್ತೇನೆ, ಏಕೆಂದರೆ ಈ ಪದದ ಹಿಂದೆ ಇನ್ನೊಂದು ಹಳೆಯ ಕತೆ ನಿಂತಿದೆ. ಅಣ್ಣ ಏಸಾವನ ಹಿಮ್ಮಡಿ ಹಿಡಿದುಕೊಂಡು ಹುಟ್ಟಿದ್ದಕ್ಕಾಗಿ ತಮ್ಮನಿಗೆ ಯಾಕೋಬ ಎಂಬ ಹೆಸರಾಯಿತು. ಮುಂದೆ ತಂದೆಯ ಆಶೀರ್ವಾದವನ್ನು ತಮ್ಮ ವೇಷ ಹಾಕಿ ಕಸಿದುಕೊಂಡಾಗ ಏಸಾವ ಅದೇ ಹೆಸರನ್ನು ಹಿಂಡಿ ಹೇಳುತ್ತಾನೆ: ಇವನಿಗೆ ಯಾಕೋಬನೆಂಬ ಹೆಸರು ಸರಿಯಾಗಿಯೇ ಇದೆ, ಎರಡು ಸಲ ನನ್ನನ್ನು ಹಿಮ್ಮೆಟ್ಟಿಸಿ ಮೋಸ ಮಾಡಿದ. ಶತಮಾನಗಳ ನಂತರ ಪ್ರವಾದಿ ಯೆರೆಮೀಯ "ಯಾವ ತಮ್ಮನನ್ನೂ ನೆಚ್ಚಬೇಡಿ, ಪ್ರತಿಯೊಬ್ಬ ತಮ್ಮನೂ ಯಾಕೋಬತನವನ್ನೇ ಮಾಡುತ್ತಾನೆ" ಎನ್ನುವಾಗ ಬಳಸುವುದೂ ಇದೇ ಧಾತುವನ್ನು: 'ಆಕೋವ್ ಯಅಕೋವ್'. ಇಸ್ರಾಯೇಲ್ ಜನ ತಮ್ಮನ್ನು ಯಾಕೋಬನ ಮನೆತನ ಎಂದು ಕರೆದುಕೊಂಡವರು. ದ್ರೋಹವನ್ನು ಹೇಳಲು ಅವರು ಹೊರಗಿನ ಹಗೆಯ ಹೆಸರನ್ನು ಹುಡುಕಲಿಲ್ಲ. ತಮ್ಮ ಮೂಲಪುರುಷನ ಹೆಸರಿನಿಂದಲೇ ಆ ಕ್ರಿಯಾಪದವನ್ನು ತೆಗೆದರು.

ಇಂಥ ಮಾತುಗಳನ್ನು ನಾವು ಓದುವ ಬಗೆಯ ಬಗ್ಗೆ ನನಗೆ ದೊಡ್ಡ ತಕರಾರಿದೆ. ಕ್ಯಾಲೆಂಡರಿನ ಹಾಳೆಯ ಮೇಲೆ, ಮೊಬೈಲಿನ ಬೆಳಗಿನ ಸಂದೇಶದಲ್ಲಿ, ಎಷ್ಟೋ ಸಲ ಪ್ರಸಂಗ ವೇದಿಕೆಯ ಮೇಲೂ ಇವು ಬಿಡಿಬಿಡಿಯಾಗಿ ಬರುತ್ತವೆ. ಹಾಗೆ ಬಂದಾಗ ಅವೆಲ್ಲ ಒಂದೇ ಉಪದೇಶದ ಹಾಗೆ ಕೇಳುತ್ತವೆ: ಯಾರನ್ನೂ ನಂಬಬೇಡ. ಆದರೆ ಗ್ರಂಥದಲ್ಲಿ ಇವುಗಳಲ್ಲಿ ಒಂದೂ ಬಾಯಿಲ್ಲದ ಮಾತಲ್ಲ. ಒಂದೊಂದಕ್ಕೂ ಹೇಳಿದವನಿದ್ದಾನೆ, ಹೇಳಿಸಿಕೊಂಡವನಿದ್ದಾನೆ, ಒಂದು ದಿನವಿದೆ. ಅವು ಸಾಕ್ಷಿ ಹೇಳಿಕೆಗಳು. ಸಾಕ್ಷಿಯನ್ನು ಕಟಕಟೆಯಿಂದ ಇಳಿಸಿ ಕಾನೂನು ಪುಸ್ತಕದೊಳಗೆ ಕೂರಿಸಿದರೆ ಅವನಿಗೂ ಅನ್ಯಾಯ, ಕಾನೂನಿಗೂ ಅನ್ಯಾಯ.

ಪದಗಳ ವಿಷಯ ಸ್ವಲ್ಪ ಹೇಳಲೇಬೇಕು. ನಾವು 'ನಂಬು' ಎಂಬ ಒಂದೇ ಪದದಿಂದ ಬಹಳ ಕೆಲಸ ಮಾಡಿಸುತ್ತೇವೆ. ಹೀಬ್ರೂ ಅದನ್ನು ಹಂಚಿಕೊಡುತ್ತದೆ. 'ಹೆಎಮೀನ್' ಎಂದರೆ ಗಟ್ಟಿಯೆಂದು ತಿಳಿದು ಒಪ್ಪುವುದು. ನಾವೆಲ್ಲ ಬಲ್ಲ 'ಆಮೆನ್' ಇದೇ ಧಾತುವಿನದು. 'ಹಾಸಾ' ಎಂದರೆ ಮರೆಹೊಗುವುದು. 'ಬಾತಹ್' ಎಂದರೆ ಮೈಭಾರ ಬಿಟ್ಟು ನೆಚ್ಚಿಕೊಳ್ಳುವುದು, ನಿಶ್ಚಿಂತೆಯಿಂದ ಇರುವುದು. 41ನೆಯ ಕೀರ್ತನೆಯಲ್ಲಿರುವುದು ಈ ಕೊನೆಯದು. ಅದು ಯಾವಾಗಲೂ ಹೊಗಳಿಕೆಯ ಮಾತೂ ಅಲ್ಲ. ನ್ಯಾಯಸ್ಥಾಪಕರ ಗ್ರಂಥದ 18ನೆಯ ಅಧ್ಯಾಯದಲ್ಲಿ ಲಯಿಷ್ ಎಂಬ ಊರಿನ ಜನ ಹೀಗೆಯೇ 'ಬಾತಹ್' ಆಗಿ, ಯಾವ ಭಯವೂ ಇಲ್ಲದೆ ಬಾಳುತ್ತಿದ್ದರು. ದಾನ್ ಕುಲದವರು ಬಂದು ಊರಿಗೆ ಬೆಂಕಿಯಿಟ್ಟರು. ಆ ಅಧ್ಯಾಯ ಯಾರನ್ನೂ ಬೈಯುವುದಿಲ್ಲ, ಆದರೆ ಓದಿದ ಮೇಲೆ ನಿಶ್ಚಿಂತೆ ಎಂಬ ಪದದ ಮೇಲೆ ಒಂದು ಕರಿ ನೆರಳು ಉಳಿದುಬಿಡುತ್ತದೆ.

ದ್ರೋಹಕ್ಕೆ ಪದ 'ಬಾಗದ್'. ಅದೇ ಮೂರು ವ್ಯಂಜನಗಳಿಂದ 'ಬೆಗೆದ್', ಅಂದರೆ ಬಟ್ಟೆ. ಎರಡೂ ಒಂದೇ ಬೇರಿನಿಂದ ಬಂದವು ಎಂದು ನಾನು ಹೇಳುತ್ತಿಲ್ಲ. ಆದರೆ ಸ್ವರಚಿಹ್ನೆಗಳಿಲ್ಲದ ಬರಹದಲ್ಲಿ ಅವು ಒಂದೇ ಹಾಗೆ ಕಾಣುತ್ತವೆ. ವಿಮೋಚನಕಾಂಡ 21ರಲ್ಲಿ ದಾಸಿಯಾಗಿ ಮಾರಲ್ಪಟ್ಟ ಹೆಣ್ಣುಮಗಳನ್ನು ಮತ್ತೆ ಮಾರಬಾರದು ಎಂಬ ನಿಯಮವಿದೆ. ಅಲ್ಲಿನ ಒಂದು ಪದವನ್ನು ರಬ್ಬಿಗಳೆಂಬ ಯೆಹೂದಿ ಗುರುಗಳ ಚರ್ಚೆಗಳ ಸಂಗ್ರಹವಾದ ತಾಲ್ಮೂದಿನ ಕಿದ್ದುಷೀನ್ ಭಾಗದಲ್ಲಿ ರಬ್ಬಿ ಅಕೀವ "ಅವಳ ಮೇಲೆ ತನ್ನ ಬಟ್ಟೆ ಹೊದಿಸಿದ ಮೇಲೆ" ಎಂದು ಓದುತ್ತಾನೆ, ರಬ್ಬಿ ಎಲೀಯೆಜರ್ "ಅವಳಿಗೆ ದ್ರೋಹ ಮಾಡಿದ ಮೇಲೆ" ಎಂದು ಓದುತ್ತಾನೆ. ಹೊದಿಸಿದ ಬಟ್ಟೆಯೋ, ಬಗೆದ ದ್ರೋಹವೋ? ಅಕ್ಷರಗಳು ಅವೇ. ಕನ್ನಡದಲ್ಲೂ 'ಕೈಕೊಡು' ಎಂಬ ಮಾತಿದೆ. ಕಷ್ಟದಲ್ಲಿ ಕೈಕೊಟ್ಟವನು ಎಂದರೆ ಎತ್ತಿ ಹಿಡಿದವನೂ ಆಗಬಹುದು, ನಡುನೀರಿನಲ್ಲಿ ಬಿಟ್ಟವನೂ ಆಗಬಹುದು.

ಈಗ ಕತೆಗೆ ಬರುತ್ತೇನೆ, ಏಕೆಂದರೆ 41ನೆಯ ಮತ್ತು 55ನೆಯ ಕೀರ್ತನೆಗಳನ್ನು ಓದುಗರು ಬಹಳ ಹಿಂದಿನಿಂದಲೂ ಒಂದು ಕತೆಯ ಜೊತೆಗೇ ಓದಿದ್ದಾರೆ. ಎರಡರ ತಲೆಯ ಮೇಲೂ ಇಸ್ರಾಯೇಲಿನ ಅರಸ ದಾವೀದನ ಹೆಸರಿದೆ. ಕೆಳಗೆ ದ್ರೋಹಿಯ ಹೆಸರಿಲ್ಲ. ಆ ಖಾಲಿ ಜಾಗದಲ್ಲಿ ಯೆಹೂದಿ ಪರಂಪರೆ ಗಿಲೋ ಊರಿನ ಅಹೀತೋಫೆಲನನ್ನು ನಿಲ್ಲಿಸಿತು.

ಅಹೀತೋಫೆಲ ದಾವೀದನ ಮಂತ್ರಾಲೋಚನೆಯ ಮನುಷ್ಯ. ಅವನ ಸಲಹೆ ಕೇಳುವುದೆಂದರೆ ದೇವರ ಮಾತನ್ನೇ ಕೇಳಿದ ಹಾಗೆ ಎಂದು ಸಮುವೇಲನ ಎರಡನೆಯ ಗ್ರಂಥ ಹೇಳುತ್ತದೆ. ಮಗ ಅಬ್ಷಾಲೋಮ ತಂದೆಯ ಮೇಲೆ ದಂಗೆಯೆದ್ದಾಗ ಈ ಅಹೀತೋಫೆಲ ಮಗನ ಕಡೆಗೆ ಸೇರಿದ. ದಾವೀದ ಬರಿಗಾಲಿನಲ್ಲಿ, ತಲೆಗೆ ಮುಸುಕು ಹಾಕಿಕೊಂಡು, ಅಳುತ್ತಾ ಎಣ್ಣೆಮರಗಳ ಗುಡ್ಡ ಹತ್ತುತ್ತಿದ್ದಾಗ ಈ ಸುದ್ದಿ ಮುಟ್ಟಿತು. ಮುಂದೆ ಅಹೀತೋಫೆಲ ಕೊಟ್ಟ ಯುದ್ಧದ ಸಲಹೆಯನ್ನು ಅಬ್ಷಾಲೋಮ ಬಿಟ್ಟು, ದಾವೀದನೇ ಒಳಗೊಳಗೆ ಕಳಿಸಿದ್ದ ಹೂಷೈಯ ಸಲಹೆಯನ್ನು ಹಿಡಿದ. ತನ್ನ ಮಾತು ನಡೆಯಲಿಲ್ಲ ಎಂದು ಕಂಡ ಅಹೀತೋಫೆಲ ಕತ್ತೆಗೆ ತಡಿ ಹಾಕಿ, ಊರಿಗೆ ಹೋಗಿ, ಮನೆಯ ವ್ಯವಹಾರವನ್ನೆಲ್ಲ ಒಪ್ಪಮಾಡಿ, ಉರುಲು ಹಾಕಿಕೊಂಡ. ತಂದೆಯ ಸಮಾಧಿಯಲ್ಲಿ ಅವನನ್ನು ಹೂಳಿದರು. ಗ್ರಂಥ ಇಷ್ಟನ್ನು ಒಂದೇ ವಚನದಲ್ಲಿ ಹೇಳಿ ಮುಗಿಸುತ್ತದೆ.

ಇಷ್ಟೇ ಆಗಿದ್ದರೆ ಇದು ಒಳ್ಳೆಯವನಿಗೆ ಕೆಟ್ಟವನು ಮಾಡಿದ ದ್ರೋಹದ ಕತೆ. ಆದರೆ ಅದೇ ಗ್ರಂಥದ ಎರಡು ಮೂಲೆಗಳಲ್ಲಿ ಎರಡು ಸಣ್ಣ ಗುರುತುಗಳಿವೆ. 11ನೆಯ ಅಧ್ಯಾಯದಲ್ಲಿ, ದಾವೀದ ಅರಮನೆಯ ಮಾಳಿಗೆಯಿಂದ ಕಂಡು ಕರೆಸಿಕೊಂಡ ಬತ್ಷೆಬೆಯನ್ನು ಎಲೀಯಾಮನ ಮಗಳು ಎಂದು ಹೇಳಿದೆ. 23ನೆಯ ಅಧ್ಯಾಯದಲ್ಲಿ, ದಾವೀದನ ವೀರರ ಪಟ್ಟಿಯ ನಡುವೆ, ಎಲೀಯಾಮ ಗಿಲೋವಿನ ಅಹೀತೋಫೆಲನ ಮಗ ಎಂದಿದೆ. ಇಬ್ಬರು ಎಲೀಯಾಮರೂ ಒಬ್ಬನೇ ಆಗಿದ್ದರೆ ಬತ್ಷೆಬೆ ಅಹೀತೋಫೆಲನ ಮೊಮ್ಮಗಳು. ತಾಲ್ಮೂದಿನ ಸನ್ಹೆದ್ರೀನ್ ಭಾಗ ಹಾಗೆಯೇ ಎಣಿಸಿದೆ. ಕತೆ ಇಲ್ಲಿ ಪಕ್ಕನೆ ಮಗ್ಗುಲು ಬದಲಿಸುತ್ತದೆ. ಅಬ್ಷಾಲೋಮನಿಗೆ ಅಹೀತೋಫೆಲ ಕೊಟ್ಟ ಮೊದಲ ಸಲಹೆಯೇ ತಂದೆಯ ಉಪಪತ್ನಿಯರನ್ನು ಎಲ್ಲರಿಗೂ ಗೊತ್ತಾಗುವ ಹಾಗೆ ಕೂಡು ಎಂಬುದು. ಅದಕ್ಕಾಗಿ ಡೇರೆ ಹಾಕಿದ್ದು ಎಲ್ಲಿ? ಅರಮನೆಯ ಮಾಳಿಗೆಯ ಮೇಲೆ.

ಬತ್ಷೆಬೆಯ ಗಂಡ ಊರೀಯನ ಸಂಗತಿ ನೆನೆಯಿರಿ. ದಾವೀದ ಅವನನ್ನು ಯುದ್ಧಭೂಮಿಯಿಂದ ಕರೆಸಿದ. ತನ್ನ ಮುಂದೆ ಕೂರಿಸಿ ಉಣಿಸಿದ, ಕುಡಿಸಿ ಮತ್ತೇರಿಸಿದ. ಮರುದಿನ ಬೆಳಿಗ್ಗೆ ಸೇನಾಪತಿ ಯೋವಾಬನಿಗೆ ಕಾಗದ ಬರೆದು ಊರೀಯನ ಕೈಯಲ್ಲೇ ಕಳಿಸಿದ. ಯುದ್ಧ ಬಿರುಸಾಗಿರುವಲ್ಲಿ ಇವನನ್ನು ಮುಂದೆ ನಿಲ್ಲಿಸಿ, ನೀವು ಹಿಂದೆ ಸರಿಯಿರಿ, ಇವನು ಸಾಯಲಿ ಎಂದು ಆ ಕಾಗದದಲ್ಲಿತ್ತು. ಊರೀಯ ಅದನ್ನು ಒಡೆದು ನೋಡಲಿಲ್ಲ. ದೊರೆಯ ಮುದ್ರೆಯನ್ನು ನೆಚ್ಚಿದ್ದ. 41ನೆಯ ಕೀರ್ತನೆಯಲ್ಲಿ "ನನ್ನ ರೊಟ್ಟಿ ಉಣ್ಣುವವನು ನನಗೆ ದ್ರೋಹ ಮಾಡಿದ" ಎಂದು ಅಳುವ ಅದೇ ದಾವೀದ, ತನ್ನ ರೊಟ್ಟಿ ಉಂಡವನಿಗೆ ದ್ರೋಹ ಮಾಡಿದವನು. ಕೀರ್ತನೆಯನ್ನು ಬರೆದವನು ನಿಜವಾಗಿ ದಾವೀದನೇ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ತಲೆಬರಹ ಬರೆದವರು ನಮ್ಮನ್ನು ಹಾಗೆ ಓದಲು ಕರೆದಿದ್ದಾರೆ, ಆ ಕರೆಗೆ ಓಗೊಟ್ಟು ಓದುತ್ತಿದ್ದೇನೆ. ಹಾಗೆ ಓದಿದಾಗ, ಅದೇ ಕೀರ್ತನೆಯಲ್ಲಿ ಐದು ವಚನಗಳ ಹಿಂದಿರುವ ಒಂದು ಮಾತು ಎದ್ದು ಕಾಣುತ್ತದೆ: "ನನ್ನನ್ನು ಗುಣಪಡಿಸು, ನಿನಗೆ ವಿರುದ್ಧವಾಗಿ ಪಾಪ ಮಾಡಿದ್ದೇನೆ." ದ್ರೋಹಕ್ಕೊಳಗಾದವನ ದೂರಿನ ಒಳಗೇ ಅವನ ತಪ್ಪೊಪ್ಪಿಗೆ ಇದೆ. ಕ್ಯಾಲೆಂಡರಿನ ಹಾಳೆ ಇದನ್ನು ಎಂದೂ ಅಚ್ಚು ಮಾಡುವುದಿಲ್ಲ.

ಆ ಒಪ್ಪಿಗೆ ಅವನನ್ನು ಮೆತ್ತಗೆ ಮಾಡಿತು ಎಂದೂ ಹೇಳಲಾರೆ. ರೊಟ್ಟಿಯ ವಚನದ ಮುಂದಿನ ವಚನದಲ್ಲೇ "ನನ್ನನ್ನು ಎಬ್ಬಿಸು, ಅವರಿಗೆ ತೀರಿಸುತ್ತೇನೆ" ಎನ್ನುತ್ತಾನೆ. 'ತೀರಿಸುತ್ತೇನೆ' ಎನ್ನುವ ಕ್ರಿಯಾಪದ ಶಾಲೋಮ್ ಎಂಬುದರ ಧಾತುವಿನದೇ. ಕ್ಷೇಮದ ಮನುಷ್ಯನಿಗೆ ಅದೇ ಪದದಿಂದ ಮುಯ್ಯಿ. ಸತ್ತ ಸಮುದ್ರದ ದಂಡೆಯ ಕುಮ್ರಾನ್ ಗುಹೆಗಳಲ್ಲಿ 1947ರಿಂದ ಸಿಕ್ಕ ಸುರುಳಿಗಳ ಪೈಕಿ ಸ್ತುತಿಗೀತೆಗಳ ಒಂದು ಸುರುಳಿ ಇದೆ. ಅದರ ಕವಿಯೂ ತನ್ನ ಪಂಗಡದಲ್ಲೇ ಎದ್ದ ಪಿಸುಮಾತುಗಳನ್ನು ಹೇಳುವಾಗ, ನನ್ನ ರೊಟ್ಟಿ ಉಣ್ಣುವವರೂ ನನ್ನ ಮೇಲೆ ಹಿಮ್ಮಡಿ ಹಿರಿದು ಮಾಡಿದರು ಎಂದು ಈ ಸಾಲನ್ನು ಬಹುವಚನ ಮಾಡಿಕೊಂಡು ಹಾಡುತ್ತಾನೆ. ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ, ಕೊನೆಯ ಊಟದ ಹೊತ್ತಿನಲ್ಲಿ, ಯೇಸುವೂ ಇದನ್ನೇ ನುಡಿಯುತ್ತಾನೆ. ಅಲ್ಲಿ ಒಂದು ತುಣುಕು ಬಿಟ್ಟುಹೋಗಿದೆ: "ನಾನು ನೆಚ್ಚಿಕೊಂಡಿದ್ದವನು" ಎಂಬುದು. ಯಾರು ಏನು ಮಾಡುವನೆಂದು ಯೇಸುವಿಗೆ ಮೊದಲೇ ಗೊತ್ತಿತ್ತು ಎಂದು ಆ ಸುವಾರ್ತೆ ಹೇಳುವುದರಿಂದ ಆ ತುಣುಕು ಅಲ್ಲಿ ಕೂರುವುದಿಲ್ಲ ಎಂದು ನಾನು ತಿಳಿದಿದ್ದೇನೆ. ಒಂದೇ ಸಾಲು ಮೂರು ಬಾಯಿಗಳಲ್ಲಿ ಮೂರು ಬಗೆಯಾಯಿತು.

55ನೆಯ ಕೀರ್ತನೆ ಇನ್ನೂ ಕಟುವಾದದ್ದು. ಅದರ ನೋವೆಲ್ಲ ಒಂದು ಸರ್ವನಾಮದಲ್ಲಿ ಕುಳಿತಿದೆ. "ನನ್ನನ್ನು ಹಳಿದವನು ಹಗೆಯಲ್ಲ, ಹಗೆಯಾಗಿದ್ದರೆ ತಾಳಿಕೊಳ್ಳುತ್ತಿದ್ದೆ. ಮೇಲೆ ಬಿದ್ದವನು ವೈರಿಯಲ್ಲ, ವೈರಿಯಾಗಿದ್ದರೆ ಅಡಗಿಕೊಳ್ಳುತ್ತಿದ್ದೆ." ಇಷ್ಟು ಹೊತ್ತು 'ಅವನು'. ಆಮೇಲೆ ತಟ್ಟನೆ: "ಆದರೆ ನೀನು!" ಎದುರಿಗೆ ಇಲ್ಲದವನನ್ನು ಎದುರಿಗೆ ಎಳೆದು ನಿಲ್ಲಿಸಿ ಮಾತಾಡುವುದು ಇದು. "ನೀನು, ನನ್ನ ಸರಿಸಮನಾದ ಮನುಷ್ಯ, ನನ್ನ ಅಲ್ಲೂಫ್ (ಒಡನಾಡಿ), ನನ್ನ ಬಲ್ಲವನು. ನಾವು ಕೂಡಿ ಗುಟ್ಟನ್ನು ಸಿಹಿ ಮಾಡಿಕೊಂಡವರು, ದೇವರ ಮನೆಗೆ ಜನರ ನಡುವೆ ಜೊತೆಯಾಗಿ ನಡೆದವರು." ಗುಟ್ಟನ್ನು ಸಿಹಿ ಮಾಡಿಕೊಳ್ಳುವುದು! ಇಬ್ಬರು ಗೆಳೆಯರು ಜಗಲಿಯ ಮೇಲೆ ತಗ್ಗಿದ ದನಿಯಲ್ಲಿ ಆಡುವ ಮಾತಿಗೆ ಇದಕ್ಕಿಂತ ಚೆನ್ನಾದ ಹೆಸರನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಅದೇ ಬಾಯಿಯನ್ನು ಕೆಲವು ವಚನಗಳ ನಂತರ ಹೀಗೆ ಬಣ್ಣಿಸಿದೆ: ಬೆಣ್ಣೆಗಿಂತ ನುಣುಪು, ಎದೆಯಲ್ಲಿ ಮಾತ್ರ ಯುದ್ಧ, ಎಣ್ಣೆಗಿಂತ ಮೃದುವಾದ ಮಾತುಗಳು, ಅವೇ ಒರೆಯಿಂದ ಹಿರಿದ ಕತ್ತಿಗಳು.

ಈ ವಚನವನ್ನು ರಬ್ಬಿಗಳು ಏನು ಮಾಡಿದರು ಎಂಬುದು ನನ್ನನ್ನು ವರ್ಷಗಳಿಂದ ಕಾಡಿದೆ. 'ಪಿರ್ಕೆ ಆವೋತ್' ಎಂಬ ಹಿರಿಯರ ನುಡಿಗಳ ಸಂಗ್ರಹಕ್ಕೆ ಆಮೇಲೆ ಸೇರಿದ 6ನೆಯ ಅಧ್ಯಾಯದಲ್ಲಿ ಈ ಮಾತಿದೆ: ಇನ್ನೊಬ್ಬನಿಂದ ಒಂದು ಅಧ್ಯಾಯ, ಒಂದು ನಿಯಮ, ಒಂದು ವಚನ, ಒಂದು ಅಕ್ಷರ ಕಲಿತರೂ ಅವನಿಗೆ ಗೌರವ ಕೊಡಬೇಕು. ಅದಕ್ಕೆ ಆಧಾರ? ದಾವೀದ ಅಹೀತೋಫೆಲನಿಂದ ಕಲಿತದ್ದು ಎರಡೇ ಸಂಗತಿ, ಆದರೂ ಅವನನ್ನು ನನ್ನ ಗುರು, ನನ್ನ ಅಲ್ಲೂಫ್, ನನ್ನ ಬಲ್ಲವನು ಎಂದು ಕರೆದ. ಸಾಕ್ಷಿಯಾಗಿ ಕೊಟ್ಟಿರುವುದು ಇದೇ 55ನೆಯ ಕೀರ್ತನೆಯ ವಚನ. ದ್ರೋಹದ ಆಕ್ರಂದನವಾಗಿದ್ದ ಸಾಲು ಗುರುವಿಗೆ ಸಲ್ಲಬೇಕಾದ ಮರ್ಯಾದೆಯ ಪಾಠವಾಯಿತು. ಸಂದರ್ಭ ಮರೆತು ಹೀಗೆ ಮಾಡಿದರು ಎಂದು ಮೊದಲು ನನಗೆ ಸಿಟ್ಟು ಬಂದಿತ್ತು. ಈಗ ಹಾಗೆ ಅನಿಸುವುದಿಲ್ಲ. ಅವರಿಗೆ ಕತೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ದ್ರೋಹ ನಡೆದ ಮೇಲೂ ಅವನಿಂದ ಕಲಿತದ್ದು ಕಲಿತದ್ದೇ, ಅದನ್ನು ಅಳಿಸಿಹಾಕಿದರೆ ನಷ್ಟ ತನಗೇ ಎಂಬುದನ್ನು ಅವರು ಆ ಸಾಲಿನ ಒಳಗೆ ಕಂಡರು. ಬೈಯುವಾಗಲೂ ದಾವೀದ 'ನನ್ನ' ಎಂಬುದನ್ನು ಬಿಡಲಿಲ್ಲವಲ್ಲ.

ಅದೇ ಕೀರ್ತನೆಯ ಕೊನೆಯ ಕಡೆ "ನಿನ್ನ ಯೆಹಾವನ್ನು ಕರ್ತನ ಮೇಲೆ ಹಾಕು" ಎಂದಿದೆ. 'ಯೆಹಾವ್' ಎಂಬ ಪದ ಇಡೀ ಹೀಬ್ರೂ ಗ್ರಂಥದಲ್ಲಿ ಇಲ್ಲೊಂದೇ ಕಡೆ. ರಬ್ಬಿಗಳಿಗೆ ಅದರ ಅರ್ಥವೇ ತಿಳಿದಿರಲಿಲ್ಲ ಎಂದು ತಾಲ್ಮೂದಿನ ರೋಷ್ ಹಷಾನಾ ಭಾಗ ಒಪ್ಪಿಕೊಳ್ಳುತ್ತದೆ. ಒಮ್ಮೆ ರಬ್ಬಾ ಬರ್ ಬರ್ ಹನಾ ಹೊರೆ ಹೊತ್ತು ಒಬ್ಬ ಅರಬನ ಜೊತೆ ದಾರಿ ನಡೆಯುತ್ತಿದ್ದ. ಆ ಅರಬ, "ನಿನ್ನ ಯೆಹಾವನ್ನು ತೆಗೆದು ನನ್ನ ಒಂಟೆಯ ಮೇಲೆ ಹಾಕು" ಎಂದ. ಅರ್ಥ ಹೊಳೆಯಿತು: ಹೊರೆ. ಆಪ್ತ ಗೆಳೆಯ ಕೈಬಿಟ್ಟ ಕೀರ್ತನೆಯ ಸಮಾಧಾನದ ಪದಕ್ಕೆ ಅರ್ಥ ಕೊಟ್ಟವನು ದಾರಿಯಲ್ಲಿ ಸಿಕ್ಕ ಪರಕೀಯ, ಅದೂ ಹೊರೆ ಹಂಚಿಕೊಳ್ಳಲು ಮುಂದಾಗಿ. ಇದನ್ನು ಓದಿದಾಗಲೆಲ್ಲ ನನ್ನ ಕಣ್ಣು ತೇವವಾಗುತ್ತದೆ.

ಜ್ಞಾನೋಕ್ತಿಗಳ ಗ್ರಂಥಕ್ಕೆ ಬಂದರೆ ದನಿಯೇ ಬೇರೆ. ಅಲ್ಲಿ ಅಳು ಇಲ್ಲ. "ಮುರಿದ ಹಲ್ಲು, ಜಾರುವ ಕಾಲು: ಸಂಕಟದ ದಿನದಲ್ಲಿ ದ್ರೋಹಿಯ ಮೇಲಿನ ನೆಚ್ಚಿಕೆ." 25ನೆಯ ಅಧ್ಯಾಯದ 19ನೆಯ ವಚನ ಇದು. ಮುರಿದ ಹಲ್ಲು ಬಾಯಲ್ಲಿ ಸುಮ್ಮನೆ ಇರುತ್ತದೆ, ಕಚ್ಚಿದಾಗಲೇ ಗೊತ್ತಾಗುವುದು. ನೆಚ್ಚಿಕೆ, ದ್ರೋಹಿ ಎಂಬ ಮೂಲದ ಎರಡು ಪದಗಳನ್ನು 'ದ್ರೋಹಿಯ ಮೇಲೆ ಇಟ್ಟ ನೆಚ್ಚಿಕೆ' ಎಂದೂ ಓದಬಹುದು, 'ದ್ರೋಹಿ ತಾನೇ ನೆಚ್ಚಿಕೊಂಡದ್ದು' ಎಂದೂ ಓದಬಹುದು. ಎರಡನೆಯ ಓದಿನಲ್ಲಿ ಕಾಲು ಜಾರುವುದು ದ್ರೋಹಿಯದೇ. ನಾನು ಮೊದಲನೆಯದರ ಕಡೆಗೆ ವಾಲುತ್ತೇನೆ, ಏಕೆಂದರೆ ಹಲ್ಲೂ ಕಾಲೂ ನಮ್ಮ ಮೈಯ ಭಾಗಗಳು, ನೋಯುವುದು ನಮಗೆ.

ಈ ಭಾಗದ ಜ್ಞಾನೋಕ್ತಿಗಳನ್ನು ಯೆಹೂದದ ಅರಸ ಹಿಜ್ಕೀಯನ ಜನ ಬರೆದಿಟ್ಟರು ಎಂದು ಅಧ್ಯಾಯದ ಮೊದಲ ವಚನ ಹೇಳುತ್ತದೆ. ಅದೇ ಹಿಜ್ಕೀಯನ ಕಾಲದಲ್ಲಿ, ಕ್ರಿ.ಪೂ. 701ರಲ್ಲಿ, ಅಶ್ಶೂರದ ದಂಡು ಬಂದಾಗ ಅದರ ಅಧಿಕಾರಿ ರಬ್ಷಾಕೆ ಯೆರೂಸಲೇಮಿನ ಗೋಡೆಯ ಹೊರಗೆ ನಿಂತು ಮಾಡಿದ ಭಾಷಣ ಅರಸುಗಳ ಎರಡನೆಯ ಗ್ರಂಥದಲ್ಲಿದೆ. ಆ ಭಾಷಣದ ತುಂಬ 'ಬಾತಹ್'. ಯಾರನ್ನು ನೆಚ್ಚಿದ್ದೀಯೆ? ಈಜಿಪ್ಟನ್ನೇ? ಅದು ಜಜ್ಜಿದ ಜೊಂಡಿನ ಕೋಲು, ಒರಗಿದವನ ಅಂಗೈಗೆ ಚುಚ್ಚಿಕೊಳ್ಳುತ್ತದೆ. ನಿಮ್ಮ ದೇವರನ್ನೇ? ಅರಸ ನಿಮ್ಮನ್ನು ಮೋಸಗೊಳಿಸದಿರಲಿ! ಹಿಜ್ಕೀಯನ ಅಧಿಕಾರಿಗಳು, ದಯವಿಟ್ಟು ಅರಾಮಿಕ್ ಭಾಷೆಯಲ್ಲಿ ಮಾತಾಡು, ನಮಗೆ ತಿಳಿಯುತ್ತದೆ, ಗೋಡೆಯ ಮೇಲಿರುವ ಜನರಿಗೆ ಕೇಳಿಸುವ ಹಾಗೆ ನಮ್ಮ ಭಾಷೆಯಲ್ಲಿ ಆಡಬೇಡ ಎಂದು ಬೇಡಿಕೊಂಡರು. ಅವನು ದನಿ ಏರಿಸಿ ಜನರ ಭಾಷೆಯಲ್ಲೇ ಕೂಗಿದ. ಈಜಿಪ್ಟಿನ ವಿಷಯದಲ್ಲಿ ಅವನು ಹೇಳಿದ್ದು ಸುಳ್ಳಲ್ಲ. ಈಜಿಪ್ಟಿನ ಕುದುರೆಗಳನ್ನು ನೆಚ್ಚಬೇಡಿ ಎಂದು ಪ್ರವಾದಿ ಯೆಶಾಯನೂ ಸಾರಿದ್ದ. ಆದರೆ ಯೆಶಾಯನ ಬಾಯಲ್ಲಿ ಅದು ಎಚ್ಚರಿಕೆ, ರಬ್ಷಾಕೆಯ ಬಾಯಲ್ಲಿ ಮುತ್ತಿಗೆಯ ಆಯುಧ. ಒಳಗಿನವರ ನಡುವಿನ ನಂಬಿಕೆ ಮುರಿದುಬಿದ್ದರೆ ಗೋಡೆ ಕೆಡವುವ ಶ್ರಮ ಉಳಿಯುತ್ತದೆ ಎಂದು ಅವನಿಗೆ ಗೊತ್ತಿತ್ತು. ಯಾರನ್ನೂ ನಂಬಬೇಡ ಎಂಬ ಮಾತು ಕೇಳಿದಾಗ ನಾನು ಗೋಡೆಯ ಹೊರಗೆ ಒಮ್ಮೆ ಇಣುಕಿ ನೋಡುತ್ತೇನೆ.

ಆಸ್ತಿ, ಮಕ್ಕಳು, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ಯೋಬನ ಮಾತನ್ನು ಕನ್ನಡದಲ್ಲಿ ಹೇಳುವುದು ಸುಲಭ. ಪತ್ರಿಕೆಗಳು ಮುಂಗಾರು ಕೈಕೊಟ್ಟಿತು ಎಂದು ಬರೆಯುತ್ತವಲ್ಲ, ಹಾಗೆ: "ನನ್ನ ಸಹೋದರರು ಹಳ್ಳದ ಹಾಗೆ ಕೈಕೊಟ್ಟರು." ಚಳಿಗಾಲದಲ್ಲಿ ಮಂಜುಗಡ್ಡೆ ಸೇರಿ ಕಪ್ಪಾಗಿ ತುಂಬಿ ಹರಿಯುವ ಹಳ್ಳ, ಬಿಸಿಲು ಬಿದ್ದೊಡನೆ ಇದ್ದ ಜಾಗದಲ್ಲಿ ಇಲ್ಲ. ತೇಮಾದ ಸಾರ್ಥವಾಹರು, ಶೆಬಾದ ಪ್ರಯಾಣಿಕರು ದಾರಿ ತಿರುಗಿಸಿಕೊಂಡು ಬಂದು ನೋಡುತ್ತಾರೆ, ನೆಚ್ಚಿಕೊಂಡಿದ್ದಕ್ಕೇ ನಾಚುತ್ತಾರೆ. ನೀರು ಬೇಡವಾದ ದಿನ ತುಂಬಿರುತ್ತದೆ, ಬೇಕಾದ ದಿನ ಬತ್ತಿರುತ್ತದೆ. ಯೋಬನ ಗೆಳೆಯರು ಅವನನ್ನು ಬಿಟ್ಟು ಓಡಲಿಲ್ಲ ಎಂಬುದನ್ನು ಮರೆಯಬಾರದು. ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಜೊತೆಗೆ ಕುಳಿತವರು. ಅವರು ಬತ್ತಿಹೋದದ್ದು ಬಾಯಿ ತೆರೆದ ಮೇಲೆ, ನೀನು ಪಾಪ ಮಾಡಿರಲೇಬೇಕು ಎಂದು ವಾದಿಸತೊಡಗಿದಾಗ.

ಅದೇ ಬತ್ತಿದ ಹಳ್ಳದ ರೂಪಕವನ್ನು ಯೆರೆಮೀಯ ದೇವರ ಮುಖಕ್ಕೇ ಹಿಡಿಯುತ್ತಾನೆ: "ನೀನು ನನಗೆ ನಿಜವಾಗಿಯೂ ಹುಸಿಹಳ್ಳದ ಹಾಗೆ ಆಗಿಬಿಟ್ಟೆಯಾ, ನಂಬಲಾಗದ ನೀರಿನ ಹಾಗೆ?" 15ನೆಯ ಅಧ್ಯಾಯದ ಈ ಪ್ರಶ್ನೆಯನ್ನು ಗ್ರಂಥವನ್ನು ಕಾಪಾಡಿದವರು ಅಳಿಸಲಿಲ್ಲ. ನಂಬಲಾಗದ ಎಂಬಲ್ಲಿರುವುದು ಆಮೆನ್‌ನ ಧಾತು. ದೇವರಿಗೆ ಆಮೆನ್ ಹೇಳಲಾಗುತ್ತಿಲ್ಲ ಎಂದು ದೇವರಿಗೇ ಹೇಳುವ ಪ್ರಾರ್ಥನೆ ಅದು.

ಕೆಲವು ವರ್ಷಗಳ ಹಿಂದೆ ಪರಿಚಯದ ಒಬ್ಬ ಹಿರಿಯ ತಾಯಿ ತಮ್ಮ ಹಳೆಯ ಬೈಬಲನ್ನು ತೆಗೆದುಕೊಂಡು ನನ್ನಲ್ಲಿಗೆ ಬಂದಿದ್ದರು. ತಂದೆ ತೀರಿಕೊಂಡ ಮೇಲೆ ತಮ್ಮ, ಬರೀ ಪಹಣಿ ಬದಲಾವಣೆಗೆ ಎಂದು ಹೇಳಿ, ಹಕ್ಕು ಬಿಡುಗಡೆ ಪತ್ರಕ್ಕೆ ಅವರ ಸಹಿ ಹಾಕಿಸಿಕೊಂಡಿದ್ದ. ಬೈಬಲಿನಲ್ಲಿ ಪ್ರವಾದಿ ಮೀಕನ ಗ್ರಂಥದ 7ನೆಯ ಅಧ್ಯಾಯದ 5ನೆಯ ವಚನದ ಕೆಳಗೆ ಕೆಂಪು ಶಾಯಿಯ ಗೆರೆ ಕಾಗದ ಹರಿಯುವಷ್ಟು ಒತ್ತಿ ಎಳೆದಿತ್ತು: "ಗೆಳೆಯನನ್ನು ನಂಬಬೇಡಿ, ಅಲ್ಲೂಫನನ್ನು ನೆಚ್ಚಬೇಡಿ, ನಿನ್ನ ಮಗ್ಗುಲಲ್ಲಿ ಮಲಗುವವಳಿಂದಲೂ ಬಾಯಿಯ ಬಾಗಿಲು ಕಾಯ್ದುಕೋ."

"ಮೇಷ್ಟ್ರೇ, ಯಾರನ್ನೂ ನಂಬಬೇಡ ಎಂದು ದೇವರೇ ಹೇಳಿದ್ದಾನಲ್ಲ? ನಾನು ಇದನ್ನು ಮೊದಲೇ ಓದಬೇಕಾಗಿತ್ತು" ಎಂದರು.

"ಅಮ್ಮ, ಎರಡು ವಚನ ಹಿಂದಿನಿಂದ ಓದೋಣ" ಎಂದೆ. ಅಲ್ಲಿ ಮೀಕ ಹೇಳುತ್ತಾನೆ: ಅಧಿಕಾರಿ ಕೇಳುತ್ತಾನೆ, ನ್ಯಾಯಾಧೀಶ ಲಂಚಕ್ಕೆ ಕೈಚಾಚುತ್ತಾನೆ, ದೊಡ್ಡ ಮನುಷ್ಯ ತನ್ನ ಆಸೆಯನ್ನು ಬಾಯಿಬಿಟ್ಟು ಹೇಳುತ್ತಾನೆ, ಎಲ್ಲರೂ ಸೇರಿ ಅದನ್ನು ಹೊಸೆಯುತ್ತಾರೆ. ಅಧ್ಯಾಯ ಶುರುವಾಗುವುದೇ "ಅಯ್ಯೋ, ನನ್ನ ಗತಿಯೇ" ಎಂಬ ಕೂಗಿನಿಂದ, ಸುಗ್ಗಿ ಮುಗಿದ ತೋಟದಲ್ಲಿ ಒಂದು ಗೊಂಚಲೂ ಸಿಗದವನ ಕೂಗು. ಕಚೇರಿ, ನ್ಯಾಯಸ್ಥಾನ ಕೆಟ್ಟಾಗ ಆ ಕೊಳೆ ಮನೆಯ ಒಳಗೆ, ಹಾಸಿಗೆಯ ತನಕ ಹರಿದುಬರುತ್ತದೆ ಎಂಬುದು ಮೀಕನ ಮಾತಿನ ಕ್ರಮ. ನಂಬಬೇಡಿ ಎನ್ನುವುದು ಆ ಊರಿನ ಕೇಡನ್ನು ಅಳೆದು ಹೇಳಿದ್ದು. ಬಾಳಿನ ನಿಯಮವಾಗಿ ಹೇಳಿದ್ದಲ್ಲ. ಆ ತಾಯಿ ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ತಪ್ಪು ನಂಬಿದ ನನ್ನದಲ್ಲ" ಎಂದರು. ಅವರು ಅಷ್ಟು ದಿನ ಹೊತ್ತಿದ್ದ ಹೊರೆ ಆಸ್ತಿಯದಲ್ಲ, ಇದು ಎಂದು ನನಗೆ ಆಗ ತಿಳಿಯಿತು. ವಚನದ ಕೆಳಗಿನ ಕೆಂಪು ಗೆರೆ ತಮ್ಮನಿಗೆ ಎಳೆದದ್ದಾಗಿರಲಿಲ್ಲ, ತಮಗೇ ಎಳೆದುಕೊಂಡದ್ದಾಗಿತ್ತು.

ಮೀಕನ ಅಲ್ಲೂಫ್ ಎಂದರೆ 55ನೆಯ ಕೀರ್ತನೆಯ ಅಲ್ಲೂಫನೇ, ಒಡನಾಡಿ. ಅದೇ ಪದಕ್ಕೆ ಪಳಗಿದ, ಕೈಯ ರೂಢಿಯಾದ ಎಂಬ ಅರ್ಥವೂ ಇದೆ. ಯೆರೆಮೀಯ 11ನೆಯ ಅಧ್ಯಾಯದಲ್ಲಿ ತನ್ನನ್ನೇ ಕಡಿಯಲು ಒಯ್ಯುವ 'ಅಲ್ಲೂಫ್' ಕುರಿಮರಿ ಎಂದು ಕರೆದುಕೊಳ್ಳುತ್ತಾನೆ. ಮನೆಯಲ್ಲಿ ಸಾಕಿ ಬೆಳೆಸಿದ್ದರಿಂದ ಹಗ್ಗ ಹಿಡಿದವನ ಹಿಂದೆ ಅನುಮಾನವಿಲ್ಲದೆ ನಡೆಯುವ ಮರಿ. ಅವನನ್ನು ಕೊಲ್ಲಲು ಸಂಚು ಮಾಡಿದವರು ಅವನ ಸ್ವಂತ ಊರು ಅನಾತೋತಿನವರು. ಮುಂದಿನ ಅಧ್ಯಾಯದಲ್ಲಿ ದೇವರು ಅವನಿಗೆ ಹೇಳುವುದು ಇನ್ನೂ ಕಠಿಣ: ನಿನ್ನ ಸಹೋದರರು, ನಿನ್ನ ತಂದೆಯ ಮನೆಯವರು ಕೂಡ ನಿನಗೆ ದ್ರೋಹ ಮಾಡಿದ್ದಾರೆ, ಅವರು ಒಳ್ಳೆಯ ಮಾತಾಡಿದರೂ ನಂಬಬೇಡ.

ಆ ತಾಯಿಗೆ ಆ ದಿನ ನಾನು ಕೊನೆಗೆ ಓದಿ ಹೇಳಿದ್ದು ಯೆರೆಮೀಯನ 32ನೆಯ ಅಧ್ಯಾಯ. ಕ್ರಿ.ಪೂ. 587ರ ಸುಮಾರು. ಬಾಬೆಲಿನ ದಂಡು ಯೆರೂಸಲೇಮನ್ನು ಸುತ್ತುವರಿದು ಮಣ್ಣಿನ ದಿಬ್ಬಗಳನ್ನು ಏರಿಸಿದೆ. ಯೆರೆಮೀಯ ಅರಮನೆಯ ಕಾವಲಿನ ಅಂಗಳದಲ್ಲಿ ಸೆರೆಯಲ್ಲಿದ್ದಾನೆ. ಅಲ್ಲಿಗೆ ಅನಾತೋತಿನಿಂದ ಚಿಕ್ಕಪ್ಪನ ಮಗ ಹನಮೇಲ ಬರುತ್ತಾನೆ. ಸಂಚು ಮಾಡಿದವರಲ್ಲಿ ಅವನಿದ್ದನೋ ಇಲ್ಲವೋ ಗ್ರಂಥ ಹೇಳುವುದಿಲ್ಲ; ಅದೇ ಊರು, ಅದೇ ಮನೆತನ. ನನ್ನ ಹೊಲವನ್ನು ಕೊಂಡುಕೋ, ಬಿಡಿಸಿಕೊಳ್ಳುವ ಹಕ್ಕು ನಿನ್ನದು ಎನ್ನುತ್ತಾನೆ. ಸುತ್ತಲ ನೆಲವೆಲ್ಲ ಶತ್ರುವಿನ ಪಾಲಾಗುತ್ತಿರುವಾಗ. ಯೆರೆಮೀಯ 17 ಶೆಕೆಲ್ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ ಕೊಡುತ್ತಾನೆ. ಪತ್ರ ಬರೆದು, ಮುದ್ರೆ ಒತ್ತಿ, ಸಾಕ್ಷಿಗಳ ಸಹಿ ಹಾಕಿಸುತ್ತಾನೆ. ಮುದ್ರೆಯಿಟ್ಟ ಒಂದು ಪ್ರತಿ, ತೆರೆದ ಒಂದು ಪ್ರತಿ. ಅಲ್ಲಿ ಕುಳಿತ ಎಲ್ಲರ ಕಣ್ಣೆದುರು ಅವನ್ನು ತನ್ನ ಲಿಪಿಕಾರ ಬಾರೂಕನ ಕೈಗೆ ಕೊಟ್ಟು, ಬಹುದಿನ ಕೆಡದೆ ಉಳಿಯುವಂತೆ ಮಣ್ಣಿನ ಮಡಕೆಯಲ್ಲಿಡು ಎನ್ನುತ್ತಾನೆ. ಆಮೇಲೆ ಒಬ್ಬನೇ ಕುಳಿತು ದೇವರಲ್ಲಿ ಕೇಳುತ್ತಾನೆ: ದಿಬ್ಬಗಳು ಊರನ್ನು ಮುಟ್ಟಿವೆ, ನೀನೇ ನೋಡುತ್ತಿದ್ದೀಯೆ, ಆದರೂ ನನಗೆ ಹೊಲ ಕೊಂಡುಕೋ ಎಂದೆಯಲ್ಲ.

ಆ ತಾಯಿ ಸಾಕ್ಷಿಗಳ ಸಹಿ ಇರುವ ವಚನವನ್ನು ಇನ್ನೊಮ್ಮೆ ಓದಿಸಿಕೊಂಡರು. ನಂತರ ಬೈಬಲನ್ನು ಮುಚ್ಚಿ, ಚೀಲದಿಂದ ಪತ್ರದ ನಕಲನ್ನು ತೆಗೆದು ನನ್ನ ಮುಂದಿಟ್ಟರು.